ಹೊಳೆಬದಿ ಗದ್ದೆಯ ರೊಟ್ಟಿ

ಕೂಳೂರಿನ ಹೊಳೆಬದಿಯ ಗದ್ದೆ ತನ್ನ ಹೆಸರಿನಲ್ಲಿದ್ದಷ್ಟು ಕಾಲ ಕುಶಲಾ ಶೆಡ್ತಿ ಒಮ್ಮೆಯೂ ಅದರ ಅಂಚಿನ ಹುಣಿಯ ಮೇಲೆ ಕಾಲಿಟ್ಟವಳಲ್ಲ. ಹೋಗುವ ಅಗತ್ಯವೇ ಬಿದ್ದಿರಲಿಲ್ಲ. ಅಳಿಯಸಂತಾನದ ಕುಟುಂಬ, ಆಸ್ತಿ ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಅವಳಿಗೆ ಬಂದದ್ದು. ಅದನ್ನು ನೋಡಿಕೊಳ್ಳುವ ಯಜಮಾನ ಮಾತ್ರ ಅಣ್ಣ ಗುಣಪಾಲ ಶೆಟ್ಟಿ. ಮಳೆಗಾಲದ ಬೆಳೆಯ ಕೊಯ್ಲು ಮುಗಿದ ಮೇಲೆ ಒಕ್ಕಲು ಸಂಕಪ್ಪ ಗೇಣಿಯ ಅಕ್ಕಿಯನ್ನು ಬೈಹುಲ್ಲಿನ ಮುಡಿಗಳಲ್ಲಿ ಕಟ್ಟಿ ಎತ್ತಿನಗಾಡಿಯಲ್ಲಿ ಹೇರಿಕೊಂಡು ಕೊಟ್ಟಾರದ ಅವರ ಮನೆಯಂಗಳಕ್ಕೆ ತಂದು ಇಳಿಸುತ್ತಿದ್ದ. ಇಳಿಸಿ, ತಲೆಗೆ ಸುತ್ತಿದ ಬೈರಾಸು ಬಿಚ್ಚಿ, ಅಂಗಳದ ತುದಿಯಲ್ಲಿ ನಿಲ್ಲುತ್ತಿದ್ದ. ಕುಶಲಾ ಜಗಲಿಯಿಂದಲೇ ಅವನಿಗೆ ಬೆಲ್ಲ ನೀರು ಕಳಿಸಿಕೊಡುತ್ತಿದ್ದಳು. ಅವಳಿಗೂ ಆ ಗದ್ದೆಗೂ ಇದ್ದ ಸಂಬಂಧ ಅಷ್ಟೇ.

ಎಪ್ಪತ್ತನಾಲ್ಕರಲ್ಲಿ ಉಳುವವನಿಗೇ ಭೂಮಿ ಎಂಬ ಹೊಸ ಕಾನೂನು ಬಂತು. ಸಂಕಪ್ಪ ಎಲ್ಲರಂತೆ ಗದ್ದೆ ತನಗೆ ಸಿಗಬೇಕೆಂದು ಡಿಕ್ಲರೇಶನ್ ಕೊಟ್ಟ. ಗುಣಪಾಲ ಬಿಡಲಿಲ್ಲ. ಸಂಕಪ್ಪ ಒಕ್ಕಲೇ ಅಲ್ಲ, ಕೂಲಿಯ ಆಳು ಎಂದು ವಾದ ಹೂಡಿದ. ವಕೀಲರು ಹೇಳಿಕೊಟ್ಟದ್ದು ಅದು. ಗದ್ದೆ ಕುಶಲಾಳ ಹೆಸರಿನಲ್ಲಿದ್ದ ಕಾರಣ ಭೂನ್ಯಾಯ ಮಂಡಳಿಯ ಮುಂದೆ ಅವಳೇ ಬರಬೇಕಾಯಿತು. ಹೋಗುವ ದಾರಿಯುದ್ದಕ್ಕೂ ಅಣ್ಣ ಒಂದೇ ಮಾತು ಹೇಳಿಕೊಡುತ್ತಿದ್ದ.

ಅಲ್ಲಿ ಮೇಜಿನ ಹಿಂದೆ ಕೂತವರು ಕೇಳಿದರು: “ಈ ಸಂಕಪ್ಪ ನಿಮಗೆ ಗೇಣಿ ಕೊಡ್ತಿದ್ದನಾ ಅಮ್ಮ?”

ಕುಶಲಾ ಅಣ್ಣನ ಕಡೆ ನೋಡಲಿಲ್ಲ, ಸಂಕಪ್ಪನ ಕಡೆಯೂ ನೋಡಲಿಲ್ಲ. “ಕೊಡ್ತಿದ್ದ,” ಎಂದಳು.

ಅವಳು ಹಾಗೆ ಹೇಳದಿದ್ದರೂ ಗದ್ದೆ ಹೋಗುತ್ತಿತ್ತು, ಸಾಕ್ಷಿ ಹೇಳಲು ನೆರೆಕರೆಯವರೇ ಸಾಲಾಗಿ ನಿಂತಿದ್ದರು. ಆದರೆ ಗುಣಪಾಲನ ಮಟ್ಟಿಗೆ ಗದ್ದೆ ಕಳೆದದ್ದು ಕಾನೂನಲ್ಲ, ತಂಗಿಯ ಆ ಒಂದು ಮಾತು. ಮನೆಗೆ ಬಂದವನು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, “ಆ ಗದ್ದೆಯ ಒಂದು ಕಾಳು ಅಕ್ಕಿ ಇನ್ನು ಈ ಮನೆಯ ಒಲೆ ಹತ್ತಬಾರದು,” ಎಂದ. ಅವನ ಧ್ವನಿ ಏರಿರಲಿಲ್ಲ. ಏರಿದ್ದರೆ ಕುಶಲಾಳಿಗೆ ಅಷ್ಟು ಭಯವಾಗುತ್ತಿರಲಿಲ್ಲ.

ಮನೆಯಲ್ಲಿ ಆಗ ಇದ್ದವರು ಮೂವರು. ಮದುವೆಯಾಗದೆ ಉಳಿದ ಗುಣಪಾಲ, ಕುಶಲಾ, ಅವಳ ಮಗಳು ಶಶಿಪ್ರಭಾ. ಕುಶಲಾಳ ಗಂಡ ಚಿತ್ತರಂಜನ ಬೊಂಬಾಯಿಯಲ್ಲಿ ಹೋಟೆಲೊಂದರ ಮ್ಯಾನೇಜರು. ಮೊದಮೊದಲು ಪ್ರತಿ ಬೇಸಿಗೆಗೆ ಬರುತ್ತಿದ್ದವನು ಆಮೇಲೆ ಮನಿಯಾರ್ಡರು ಮಾತ್ರ ಕಳಿಸತೊಡಗಿದ. ಆಮೇಲೆ ಅದೂ ನಿಂತಿತು. ಅಲ್ಲಿ ಇನ್ನೊಂದು ಸಂಸಾರ ಆಗಿದೆ ಎಂಬ ಸುದ್ದಿ ಅವರಿವರ ಬಾಯಲ್ಲಿ ಬಂತು. ಕುಶಲಾ ಆ ವಿಷಯವನ್ನು ಯಾರೊಡನೆಯೂ ಎತ್ತಲಿಲ್ಲ. ಉಣ್ಣಲು ಗೇಣಿಯ ಅಕ್ಕಿ ಇತ್ತು, ಉಳಿದದ್ದನ್ನು ಮಾರಿದರೆ ಮೇಲುಖರ್ಚಿಗೆ ಸಾಕಾಗುತ್ತಿತ್ತು. ಈಗ ಆ ಅಕ್ಕಿಯೂ ಇಲ್ಲ. ಮಗಳು ಕೊಡಿಯಾಲ್‌ಬೈಲಿನ ಕಾಲೇಜಿಗೆ ಹೋಗುತ್ತಿದ್ದಾಳೆ. ಹಿತ್ತಿಲಿನ ಕೆಲವು ತೆಂಗಿನಮರಗಳ ಮೇಲೆ ಮನೆ ನಡೆಯಬೇಕು.

ಕೋಳಿಸಾರಿಗೆ ಒಣರೊಟ್ಟಿ ಮಾಡುವುದರಲ್ಲಿ ಕುಶಲಾಳ ಕೈ ಒಳ್ಳೆಯದೆಂದು ಸಂಬಂಧಿಕರಲ್ಲಿ ಮೊದಲಿನಿಂದಲೂ ಹೆಸರಿತ್ತು. ಕುಚ್ಚಲಕ್ಕಿಯನ್ನು ನೆನೆಸಿ, ನುಣ್ಣಗೆ ಅರೆದು, ನೀರಾಗಿ ಕಲಸಿ, ಕಾದ ಕಾವಲಿಯ ಮೇಲೆ ಕಾಗದದಷ್ಟು ತೆಳ್ಳಗೆ ಎಳೆದು, ಒಣಗುತ್ತಿದ್ದಂತೆ ಎಬ್ಬಿಸಿ ಮಡಚುವ ರೊಟ್ಟಿ ಅದು. ಮದುವೆಗಳಿಗೆ, ಭೂತದ ನೇಮದ ಊಟಗಳಿಗೆ ಅವಳನ್ನು ಕರೆದು ಮಾಡಿಸುತ್ತಿದ್ದರು. ಅದು ಪ್ರೀತಿಯ ಕೆಲಸ. ಮಾರುವ ವಸ್ತುವೆಂದು ಯಾರೂ ಎಣಿಸಿರಲಿಲ್ಲ. ಮಾರಬಹುದು ಎಂದವನು ಕೊಟ್ಟಾರದ ಜಿನಸಿನ ಅಂಗಡಿಯ ಅಹ್ಮದ್ ಬಾವ. ಅವನ ಪರಿಚಯದ ಹೋಟೆಲುಗಳು ಎರಡು ಮೂರು ಇದ್ದವು. ಅಕ್ಕಿಯನ್ನೂ ಅವನೇ ಕೊಟ್ಟ. ಕುಶಲಾ ಹಿತ್ತಿಲ ಚಪ್ಪರದಲ್ಲಿ ಒಲೆ ಹೂಡಿ ಮಾಡಿ ಕಳಿಸಿದಳು.

ಒಂದು ವಾರ ಕಳೆದು ಬಾವ ತಾನೇ ಮನೆಗೆ ಬಂದ. ಜಗಲಿಯ ತುದಿಯಲ್ಲಿ ಕೂತು, ಟೊಪ್ಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

“ಅಕ್ಕ, ಬೇಸರ ಮಾಡ್ಬೇಡಿ. ರುಚಿ ಉಂಟು. ಆದ್ರೆ ರೊಟ್ಟಿ ನಿಲ್ಲುದಿಲ್ಲ. ಡಬ್ಬಿ ಬಿಚ್ಚುವಾಗ ಅರ್ಧಕ್ಕರ್ಧ ಪುಡಿ. ಹೋಟೆಲಿನವರು ಇನ್ನು ಬೇಡ ಅಂದ್ರು.”

“ತಪ್ಪು ಅಕ್ಕಿಯದ್ದು ಸಾಹೇಬ್ರೇ.”

“ಅಕ್ಕಿ ನನ್ನ ಅಂಗಡಿದೇ ಅಲ್ವಾ? ಒಳ್ಳೇ ಅಕ್ಕಿ ಅದು!”

“ಅನ್ನಕ್ಕೆ ಒಳ್ಳೆದು. ರೊಟ್ಟಿಗೆ ಆಗುದಿಲ್ಲ. ಮಿಲ್ಲಿನಲ್ಲಿ ಗಡಿಬಿಡಿಯಲ್ಲಿ ಬೇಯಿಸಿದ್ದು, ಪಾಲಿಶು ಹಾಕಿದ್ದು. ಎಳೆದರೆ ಬರುದಿಲ್ಲ.”

“ಮತ್ತೆ ಯಾವ ಅಕ್ಕಿ ಬೇಕು ಹೇಳಿ, ತರಿಸುವ.”

ಕುಶಲಾಳ ಕೈ ಪಳಗಿದ್ದು ಒಂದೇ ಅಕ್ಕಿಯಲ್ಲಿ: ಹೊಳೆಬದಿಯ ಆ ಜೌಗು ಗದ್ದೆಯಲ್ಲಿ ಬೆಳೆದ ಕೆಂಪು ದಪ್ಪ ಭತ್ತ, ನೆನೆಸಿ, ನಿಧಾನ ಬೇಯಿಸಿ, ಒಣಗಿಸಿ, ಮುಡಿ ಕಟ್ಟಿ, ಒಂದು ಮಳೆಗಾಲ ಹಳತು ಮಾಡಿದ ಅಕ್ಕಿ. ಅದು ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು.

ಮರುದಿನ ಅಣ್ಣ ಪೇಟೆಗೆ ಹೋದ ಸಮಯ ನೋಡಿ ಅವಳು ಕೂಳೂರಿನ ಬಸ್ಸು ಹತ್ತಿದಳು. ಸೇತುವೆಗಿಂತ ಈಚೆ ಇಳಿದು, ಕೇಳಿಕೊಂಡು, ಹುಣಿಯ ಮೇಲೆ ಸೀರೆ ಎತ್ತಿ ಹಿಡಿದು ನಡೆದಳು. ತನ್ನದಾಗಿದ್ದ ನೆಲದ ದಾರಿಯನ್ನು ಬೇರೆಯವರಲ್ಲಿ ಕೇಳಿ ತಿಳಿಯಬೇಕಾಯಿತಲ್ಲ ಎಂದು ಆಗ ಅನಿಸಿತು.

ಸಂಕಪ್ಪನ ಅಂಗಳದಲ್ಲಿ ಖಾಕಿ ಚಡ್ಡಿಯ ಗುತ್ತಿಗೆದಾರನೊಬ್ಬ ಇದ್ದ. ಹೆಂಚಿನ ಕಾರ್ಖಾನೆಗಳಿಗೆ ಜೇಡಿಮಣ್ಣು ಒದಗಿಸುವವನು. ಇವಳನ್ನು ಕಂಡು ಅವನು ಎದ್ದು ಹೋದ. ಸಂಕಪ್ಪ ಗಾಬರಿಯಲ್ಲಿ ಒಳಗೋಡಿ ಬೆಂಚು ತಂದು ಹಾಕಿದ. ಹೆಂಡತಿ ಸುಂದರಿ ಬಾಗಿಲ ಸಂದಿನಲ್ಲಿ ನಿಂತಳು. ಏನೋ ಹೊಸ ತಕರಾರು ಬಂತೆಂದು ಇಬ್ಬರ ಮುಖದಲ್ಲೂ ಹೆದರಿಕೆ.

“ಕೂತ್ಕೊಳ್ಳಿ ಶೆಡ್ತಿ. ಧನಿಗಳು ಬಂದಿದ್ದಾರಾ?”

“ಇಲ್ಲ. ನಾನೊಬ್ಬಳೇ. ಅವ ಯಾಕೆ ಬಂದಿದ್ದ?”

ಸಂಕಪ್ಪ ತಲೆ ತಗ್ಗಿಸಿದ. “ಮಣ್ಣು ಕೇಳ್ಳಿಕ್ಕೆ. ಗದ್ದೆ ಮಾರುವ ಹಾಗಿಲ್ಲ, ಕಾನೂನು ಉಂಟು. ಮಣ್ಣು ಕೊಟ್ರೆ ಯಾರೂ ಕೇಳುದಿಲ್ಲಂತೆ. ನಮ್ಮ ಕೆಂಪು ಭತ್ತಕ್ಕೆ ಮಿಲ್ಲಿನವ ಕೊಡುವ ಕ್ರಯದಲ್ಲಿ ಎಂತ ಆಗ್ತದೆ ಶೆಡ್ತಿ? ಎಲ್ಲರಿಗೂ ಈಗ ಸರ್ಕಾರದ ಸಣ್ಣ ಭತ್ತ ಬೇಕು. ಅದು ಈ ಉಪ್ಪುನೀರಿನಲ್ಲಿ ಏಳುದಿಲ್ಲ.”

“ಮಣ್ಣು ತೆಗೆದರೆ?”

“ಕೆರೆ ಆಗ್ತದೆ.” ಅವನು ನೆಲ ನೋಡುತ್ತಲೇ ಹೇಳಿದ. “ಅಲ್ಲಿ ಆಚೆ ಪೌಲರ ಗದ್ದೆ ಅರ್ಧ ಹಾಗೇ ಆಯ್ತು.”

ಕುಶಲಾ ಆಚೆ ನೋಡಿದಳು. ಪಕ್ಕದ ಗದ್ದೆಯಿದ್ದಲ್ಲಿ ಚೌಕದ ಹೊಂಡವೊಂದು, ಅದರಲ್ಲಿ ಕದಡಿದ ನೀರು. ಗದ್ದೆ ಕೈಬಿಟ್ಟು ಹೋದಾಗ ಅವಳಿಗೆ ಅಳು ಬಂದಿರಲಿಲ್ಲ. ಈಗ ಬಂತು. ಸಂಕಪ್ಪನ ಹೆಸರಿನಲ್ಲಿಯಾದರೂ ಅದು ಗದ್ದೆಯಾಗಿ ಇರುತ್ತದೆ ಎಂದು ಅವಳು ಒಳಗೊಳಗೇ ನಂಬಿಕೊಂಡಿದ್ದಳು.

“ಭತ್ತ ಮಿಲ್ಲಿಗೆ ಹಾಕ್ಬೇಡ,” ಎಂದಳು. “ಇಲ್ಲೇ ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ ನನಗೆ ಕೊಡು. ಮೊದಲು ಮಾಡ್ತಿದ್ದ ಹಾಗೇ. ಮಿಲ್ಲಿನವನಿಗಿಂತ ಹೆಚ್ಚು ಕ್ರಯ ಕೊಡ್ತೇನೆ. ನನಗೆ ರೊಟ್ಟಿಗೆ ಬೇಕು.”

ಸಂಕಪ್ಪನ ಧ್ವನಿಯಲ್ಲಿ ಕೋಪವಿರಲಿಲ್ಲ, ಸಂಕಟವಿತ್ತು.

“ಶೆಡ್ತಿ, ಅಲ್ಲಿ ನೀವು ಸತ್ಯ ಹೇಳಿದ್ದು ನಾನು ಸಾಯುವವರೆಗೆ ಮರೆಯುದಿಲ್ಲ. ಆದ್ರೆ ಮತ್ತೆ ನಾನು ಗಾಡಿಯಲ್ಲಿ ಅಕ್ಕಿ ಹೇರಿ ನಿಮ್ಮ ಅಂಗಳಕ್ಕೆ ತರ್ಬೇಕು ಅಂತ ಅಲ್ವಾ? ಊರಿನವರು ಎಂತ ಹೇಳ್ತಾರೆ? ಸಂಕಪ್ಪ ಮತ್ತೆ ಗೇಣಿ ಕೊಡ್ಲಿಕ್ಕೆ ಹೊರಟ ಅಂತ. ನನ್ನ ಕಾಲು ಬರುದಿಲ್ಲ ಶೆಡ್ತಿ.”

ಆ ಮಾತು ಕುಶಲಾಳನ್ನು ತಟ್ಟಿತು. ಪ್ರತಿ ವರ್ಷ ಅಂಗಳದ ತುದಿಯಲ್ಲಿ ಬೈರಾಸು ಬಿಚ್ಚಿ ನಿಂತವನ ಮನಸ್ಸಿನಲ್ಲಿ ಏನು ಇದ್ದಿರಬಹುದೆಂದು ಅವಳು ಅದುವರೆಗೆ ಯೋಚಿಸಿದ್ದೇ ಇಲ್ಲ.

“ನೀನು ತರುವುದು ಬೇಡ,” ಎಂದಳು. “ನಾನೇ ಬಂದು ತೆಗೆದುಕೊಂಡು ಹೋಗ್ತೇನೆ.”

ಒಳಗಿನಿಂದ ಸುಂದರಿ ಲೋಟದಲ್ಲಿ ನೀರು ತಂದಳು, ಜತೆಗೆ ಒಂದು ಅಚ್ಚು ಬೆಲ್ಲ. ಕೊಡಲೋ ಬೇಡವೋ ಎಂದು ಅನುಮಾನಿಸಿ ನಿಂತವಳ ಕೈಯಿಂದ ಕುಶಲಾ ತಾನೇ ತೆಗೆದುಕೊಂಡು ಕುಡಿದಳು.

ಆದರೆ ಅಕ್ಕಿಯನ್ನು ತೆಗೆದುಕೊಂಡು ಹೋಗುವುದೆಲ್ಲಿಗೆ? ಅಣ್ಣನ ಮಾತು ಮನೆಯ ಹೊಸ್ತಿಲಲ್ಲಿ ಕೂತಿತ್ತು. ಮೀರುವ ಧೈರ್ಯ ಕುಶಲಾಳಿಗೆ ಇರಲಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಮೀರಲು ಅವಳಿಗೆ ಮನಸ್ಸಿರಲಿಲ್ಲ. ಮಂಡಳಿಯ ಮುಂದೆ ಒಮ್ಮೆ ಅವನ ವಿರುದ್ಧ ಹೋದದ್ದಾಗಿತ್ತು. ಅದು ಸತ್ಯಕ್ಕಾಗಿ. ರೊಟ್ಟಿಗಾಗಿ ಇನ್ನೊಮ್ಮೆ ಅವನನ್ನು ನೋಯಿಸುವುದು ಬೇಡ ಅನಿಸಿತು. ಮನೆಗೆ ಅಕ್ಕಿ ತರುವ ಬದಲು ಅವಳು ಕಾವಲಿಯನ್ನೇ ಕೂಳೂರಿಗೆ ಸಾಗಿಸಿದಳು.

ಸಂಕಪ್ಪನ ಕೊಟ್ಟಿಗೆಯ ಪಕ್ಕದಲ್ಲಿ ತೆಂಗಿನಗರಿಯ ಮಾಡು ಎದ್ದಿತು. ಕೆಳಗೆ ಮೂರು ಒಲೆ. ಒಂದು ಅರೆಯುವ ಕಲ್ಲು ಸುಂದರಿಯದ್ದು, ಇನ್ನೊಂದನ್ನು ಕುಶಲಾ ಗಾಡಿಯಲ್ಲಿ ತರಿಸಿದಳು. ಮಾತು ಆದದ್ದು ಸುಲಭದ್ದು: ಅಕ್ಕಿ, ಸೌದೆ ಸಂಕಪ್ಪನದ್ದು, ಕೈ ಇಬ್ಬರು ಹೆಂಗಸರದ್ದು, ಬಂದದ್ದರಲ್ಲಿ ಸರಿಪಾಲು. ಭತ್ತದ ಹೊಟ್ಟು ಒಲೆಗೆ ಹೋಯಿತು, ತೌಡು ದನಕ್ಕೆ. ಮಿಲ್ಲಿಗೆ ಹಾಕುತ್ತಿದ್ದಾಗ ಇವೆಲ್ಲ ಯಾರದೋ ಪಾಲಾಗುತ್ತಿದ್ದವು. ಒಂದು ಮುಡಿ ಅಕ್ಕಿ ಮಾರಿ ಸಿಗುತ್ತಿದ್ದದ್ದಕ್ಕಿಂತ ಅದೇ ಅಕ್ಕಿ ರೊಟ್ಟಿಯಾದಾಗ ಮೂರು ಪಟ್ಟು ಸಿಗುತ್ತದೆ ಎಂಬುದನ್ನು ಸಂಕಪ್ಪ ಮೊದಲು ನಂಬಲೇ ಇಲ್ಲ. ಬಾವನಿಗೇನೋ ಲೆಕ್ಕ ತಪ್ಪಿರಬೇಕು, ಹೋಗಿ ಕೇಳಿ ಬನ್ನಿ ಎಂದು ಕುಶಲಾಳನ್ನು ವಾಪಸು ಕಳಿಸಿದ್ದ.

ಸುಂದರಿ ಕಲಿಯಲು ಕಷ್ಟಪಟ್ಟಳು. ಹಿಟ್ಟು ಎಳೆಯುವಾಗ ಅವಳ ಕೈ ತಡೆಯುತ್ತಿತ್ತು, ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೂತು. ಕುಶಲಾ ಗದರುತ್ತಿದ್ದಳು. ಧನಿಗಳ ಮನೆಯವಳು ಗದರುವ ರೀತಿಯೇ ಅದು, ಬಾಯಿಗೆ ಅಭ್ಯಾಸವಾಗಿತ್ತು. ಒಂದು ದಿನ ಸುಂದರಿ ಕೈಯ ಸೌಟನ್ನು ಕೆಳಗಿಟ್ಟು ಹೇಳಿದಳು:

“ಅಕ್ಕ, ಇದು ನನ್ನ ಒಲೆ. ನೀವು ಹೇಳಿಕೊಡಿ, ಕಲೀತೇನೆ. ಬಯ್ಯುದಾದ್ರೆ ನಾಳೆಯಿಂದ ಅಕ್ಕಿ ಮಾತ್ರ ಕೊಡ್ತೇವೆ.”

ಕುಶಲಾಳಿಗೆ ಉರಿದುಹೋಯಿತು. ಎದ್ದು ಹೊಳೆಯ ತಡಿಗೆ ಹೋಗಿ ನಿಂತಳು. ನೀರಿಳಿತದ ಸಮಯ, ಕೆಸರಿನ ವಾಸನೆ. ಸಿಟ್ಟು ಇಳಿಯಲು ಹೊತ್ತು ಬೇಕಾಯಿತು. ವಾಪಸು ಬಂದು ಕೂತವಳು ಸುಂದರಿಯ ಕೈಯ ಮೇಲೆ ತನ್ನ ಕೈಯಿಟ್ಟು ಹಿಟ್ಟು ಎಳೆಸಿದಳು. ತಪ್ಪಾಯಿತು ಎಂದು ಹೇಳಲಿಲ್ಲ. ಮತ್ತೆ ಗದರಲೂ ಇಲ್ಲ.

ಮೊದಲ ಮಳೆಗಾಲ ಅವರನ್ನು ಸೋಲಿಸಿತು. ಬೊಂಬಾಯಿಯ ಹೋಟೆಲಿಗೆಂದು ಬಾವ ಲಾರಿಯಲ್ಲಿ ಕಳಿಸಿದ ರೊಟ್ಟಿ ದಾರಿಯಲ್ಲೇ ಮೆತ್ತಗಾಗಿ ಬೂಷ್ಟು ಹಿಡಿಯಿತು. ಇಡೀ ಆಷಾಢದ ದುಡಿಮೆ ಹೋಯಿತು. ಸಂಕಪ್ಪನ ಅಂಗಳಕ್ಕೆ ಆ ಖಾಕಿ ಚಡ್ಡಿಯವನು ಮತ್ತೆ ಬಂದು ಹೋದ. ಆದರೆ ಬಾವ ಕೈಬಿಡಲಿಲ್ಲ. ಬಿಸ್ಕೀಟಿನ ದೊಡ್ಡ ತಗಡಿನ ಡಬ್ಬಿಗಳನ್ನು ಒಟ್ಟುಮಾಡಿ ತಂದ; ಸಂಕಪ್ಪ ಒಲೆಗಳ ಮೇಲೆ ಬಿದಿರಿನ ಅಟ್ಟ ಕಟ್ಟಿದ. ಕಾವಲಿಯಿಂದ ಇಳಿದ ರೊಟ್ಟಿ ಒಂದು ದಿನ ಆ ಬಿಸಿ ಅಟ್ಟದಲ್ಲಿ ಕೂತು ಡಬ್ಬಿ ಸೇರಿದರೆ ಎಂಥ ಮಳೆಗೂ ಗರಿಗರಿಯಾಗಿ ಉಳಿಯುತ್ತಿತ್ತು. ಕೆಲವು ವರ್ಷಗಳ ಮೇಲೆ ಪ್ಲಾಸ್ಟಿಕ್ ಚೀಲಗಳು ಬಂದಾಗ ಮೊಂಬತ್ತಿಯ ಉರಿಯಲ್ಲಿ ಬಾಯಿ ಬೆಸೆಯುವುದನ್ನೂ ಕಲಿತರು.

ಬಾವನ ಮಗ ಅಬೂಬಕ್ಕರ್ ದುಬಾಯಿಗೆ ಹೋದದ್ದು ಆ ಸುಮಾರಿಗೇ. ಹೋಗುವಾಗ ಪೆಟ್ಟಿಗೆಯಲ್ಲಿ ಒಂದು ಡಬ್ಬಿ ರೊಟ್ಟಿ ಒಯ್ದ. ತಿಂಗಳಾನುಗಟ್ಟಲೆ ಕೆಡದ, ಭಾರವಿಲ್ಲದ, ಸಾರು ಹೊಯ್ದರೆ ಸಾಕು ಮನೆಯ ಊಟವಾಗುವ ವಸ್ತು. ಅಲ್ಲಿ ಕೋಣೆಯಲ್ಲಿದ್ದವರೆಲ್ಲ ಸೇರಿ ಎರಡೇ ದಿನಕ್ಕೆ ಮುಗಿಸಿದರಂತೆ. ಆಮೇಲೆ ವಿಮಾನಕ್ಕೆ ಹೊರಡುವ ಹುಡುಗರು ಮನೆಯವರನ್ನು ಮೊದಲು ಕಳಿಸುತ್ತಿದ್ದದ್ದು ಬಾವನ ಅಂಗಡಿಗೆ. ಬಾವನ ಹೆಂಡತಿ ಸುಹರಾ ಮಗನಿಗೆ ಕಳಿಸುವ ಡಬ್ಬಿಯನ್ನು ಮಾತ್ರ ತಾನೇ ಕೂಳೂರಿಗೆ ಬಂದು ಒಲೆಯ ಬದಿ ಕೂತು ತುಂಬಿಸಿಕೊಂಡು ಹೋಗುತ್ತಿದ್ದಳು. ತುಂಬಿಸುವಾಗ ಏನೋ ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು; ಮಗನಿಗಾಗಿ ಬೇಡುವ ದುವಾ ಇರಬೇಕೆಂದು ಕುಶಲಾ ಆ ಹೊತ್ತಿಗೆ ಮಾತಾಡಿಸುತ್ತಿರಲಿಲ್ಲ.

ಗುಣಪಾಲನಿಗೆ ವಿಷಯ ತಿಳಿಯಲು ಹೆಚ್ಚು ಸಮಯ ಬೇಕಾಗಲಿಲ್ಲ. ಸೀರೆಯಲ್ಲಿ ಹೊಗೆಯ ವಾಸನೆ ಹೊತ್ತು ತಂಗಿ ದಿನಾ ಸಂಜೆ ಬಸ್ಸಿಳಿಯುವುದನ್ನು ಇಡೀ ಕೊಟ್ಟಾರ ನೋಡುತ್ತಿತ್ತು.

“ಒಕ್ಕಲಿನ ಕೊಟ್ಟಿಗೆಯಲ್ಲಿ ಕೂಲಿಗೆ ಕೂತಿದ್ದೀಯಂತೆ,” ಎಂದ.

“ಕೂಲಿಗೆ ಅಲ್ಲ ಅಣ್ಣ. ಪಾಲಿಗೆ.”

“ಎರಡಕ್ಕೂ ಎಂತ ವ್ಯತ್ಯಾಸ?”

ಅಂದಿನಿಂದ ಗುಣಪಾಲ ಅವಳೊಡನೆ ಮಾತು ಬಿಟ್ಟ. ಬೇಕಾದದ್ದನ್ನು ಶಶಿಪ್ರಭಾಳ ಮೂಲಕ ಹೇಳುತ್ತಿದ್ದ. ಹಿತ್ತಿಲಿನ ತೆಂಗು ತನ್ನ ಲೆಕ್ಕಕ್ಕೆ ಎಂದು ಬೇರೆ ಮಾಡಿಕೊಂಡು, ಆ ದುಡ್ಡಿನಲ್ಲಿ ಬಾವನದಲ್ಲದ ಇನ್ನೊಂದು ಅಂಗಡಿಯಿಂದ ಅಕ್ಕಿ ತಂದು ಅಡುಗೆಮನೆಯ ಮೂಲೆಯಲ್ಲಿ ಇಟ್ಟ. ಕುಶಲಾ ಅದೇ ಅಕ್ಕಿಯನ್ನು ಬೇಯಿಸಿ ಬಡಿಸುತ್ತಿದ್ದಳು. ಕೂಳೂರಿನ ಅಕ್ಕಿ ಅಂಗೈಯಷ್ಟೂ ಆ ಮನೆಯೊಳಗೆ ಬರದಂತೆ ನೋಡಿಕೊಂಡಳು. ಮಗಳಿಗೆ ರೊಟ್ಟಿ ತಿನ್ನುವ ಆಸೆಯಾದರೆ ಅವಳೂ ಬಸ್ಸು ಹತ್ತಬೇಕಿತ್ತು.

“ಮಾವ ನೋಡುದಿಲ್ಲ ಅಮ್ಮ, ಒಂದು ಕಟ್ಟು ತಂದ್ರೆ ಎಂತ ಆಗ್ತದೆ?” ಎಂದು ಶಶಿಪ್ರಭಾ ಒಮ್ಮೆ ಕೇಳಿದಳು.

“ಅವ ನೋಡುದಿಲ್ಲ. ನನಗೆ ಗೊತ್ತಿರ್ತದಲ್ಲ,” ಎಂದಳು ಕುಶಲಾ.

ಎಂಬತ್ತೆರಡರ ಮಳೆಗೆ ಗುರುಪುರ ಹೊಳೆ ಕಟ್ಟ ಒಡೆದು ನುಗ್ಗಿತು. ಸಂಕಪ್ಪನ ಪೈರು ಕೊಳೆಯಿತು. ಹಳೆಯ ಅಕ್ಕಿ ಮುಗಿಯುತ್ತ ಬಂತು. ಬಜಾರದ ಅಕ್ಕಿ ಬೆರೆಸಿದರೆ ರೊಟ್ಟಿ ಒಡೆಯುತ್ತದೆ, ಹೆಸರು ಹೋಗುತ್ತದೆ. ಒಲೆ ಆರಿಸಿದರೆ ಮಣ್ಣಿನವನು ಕಾದು ಕೂತಿದ್ದಾನೆ. ಕುಶಲಾ ಪೌಲರ ಮನೆಗೆ ಹೋದಳು. ಪೌಲರ ಉಳಿದರ್ಧ ಗದ್ದೆ ತುಸು ಎತ್ತರದಲ್ಲಿದ್ದು ನೆರೆಯಿಂದ ಪಾರಾಗಿತ್ತು. ಆ ಅರ್ಧಕ್ಕೂ ಮಣ್ಣಿನವನೊಡನೆ ಕರಾರು ಮಾಡಿಕೊಳ್ಳುವ ಯೋಚನೆಯಲ್ಲಿದ್ದರು ಅವರು.

“ಭತ್ತ ಕೊಡಿ. ಜೆಸ್ಸಿಯನ್ನೂ ಕಳಿಸಿ, ಒಂದು ಒಲೆ ಅವಳಿಗೆ ಬಿಡ್ತೇವೆ,” ಎಂದಳು ಕುಶಲಾ. ಜೆಸ್ಸಿ ಪೌಲರ ಸೊಸೆ.

ಪೌಲ್ ಹೊಂಡದ ಕಡೆ ಕೈತೋರಿಸಿದರು. “ಆ ದುಡ್ಡು ಬಂತು, ಹೋಯ್ತು ಶೆಡ್ತಿ. ಮನೆಗೆ ಹೆಂಚು ಹೊದೆಸಿದೆ, ಅಷ್ಟೇ. ಹೊಂಡ ಮಾತ್ರ ಹೋಗ್ಲಿಲ್ಲ. ಆಗಲಿ, ಕಳಿಸ್ತೇನೆ.”

ಹೀಗೆ ಆ ವರ್ಷ ಪೌಲರ ಭತ್ತ ಸಂಕಪ್ಪನ ಹಂಡೆಯಲ್ಲಿ ಬೆಂದಿತು. ಸಂಕಪ್ಪ ಮರುಬೇಸಿಗೆಗೆ ಕಟ್ಟವನ್ನು ಎತ್ತರಿಸಿ ಕಟ್ಟಿದ. ಮಣ್ಣಿನವನಿಗೆ, ಇನ್ನು ಈ ಕಡೆ ಬರಬೇಡ ಮಾರಾಯ ಎಂದು ಚಹಾ ಕುಡಿಸಿಯೇ ಕಳಿಸಿದ.

ಮರುವರ್ಷ ಗುಣಪಾಲ ಹಾಸಿಗೆ ಹಿಡಿದ. ಒಂದು ಬದಿ ಬಿದ್ದುಹೋಯಿತು, ಮಾತು ತೊದಲಿತು. ಕುಶಲಾ ಒಲೆಯನ್ನು ಸುಂದರಿ, ಜೆಸ್ಸಿಯರಿಗೆ ಬಿಟ್ಟು ಮನೆಯಲ್ಲೇ ನಿಂತಳು. ಅವನನ್ನು ಮಗ್ಗುಲು ತಿರುಗಿಸುವುದು, ಮೈ ಒರೆಸುವುದು, ಗಂಜಿ ತಿನ್ನಿಸುವುದು ಎಲ್ಲ ಅವಳೇ. ವರ್ಷಗಟ್ಟಲೆ ಮಾತಿಲ್ಲದ ಇಬ್ಬರು ಈಗ ಇಷ್ಟು ಹತ್ತಿರ. ಅವನು ಕಣ್ಣು ಮುಚ್ಚಿಕೊಂಡೇ ಬಾಯಿ ತೆರೆಯುತ್ತಿದ್ದ.

ಒಂದು ಬೆಳಿಗ್ಗೆ ಮಳೆ ಹಿಡಿದು ಹೊಯ್ಯುತ್ತಿತ್ತು. ಎರಡು ಚಮಚ ಗಂಜಿ ಕುಡಿದವನು ಕಣ್ಣು ತೆರೆದು ಅವಳನ್ನೇ ನೋಡಿದ.

“ಇದು... ಯಾವ ಅಕ್ಕಿ?”

“ಅಂಗಡಿದು ಅಣ್ಣ. ನೀನು ತರ್ತಿದ್ದ ಅಂಗಡಿದೇ.”

ಅವನು ಬಾಯಲ್ಲಿದ್ದದ್ದನ್ನು ನುಂಗಿದ. ಮುಖವನ್ನು ಗೋಡೆಯ ಕಡೆ ತಿರುಗಿಸಿದ. “ಈ ಅಕ್ಕಿ ಬೇಯುದೇ ಇಲ್ಲ,” ಎಂದ.

ಅದು ಅವನು ಅವಳಿಗೆ ಹೇಳಿದ ಕೊನೆಯ ಮಾತು. ಆಮೇಲೆ ಜ್ವರ ಏರಿತು, ಪ್ರಜ್ಞೆ ಹೋಯಿತು, ವಾರದೊಳಗೆ ತೀರಿಕೊಂಡ. ಬೇರೆ ಅಕ್ಕಿ ಕೇಳಿದನೇ, ಅಥವಾ ರೋಗಿಗೆ ಬಾಯಿ ಕೆಟ್ಟು ಹಾಗೆಂದನೇ? ಕುಶಲಾಳಿಗೆ ಅದು ತಿಳಿಯಲಿಲ್ಲ. ಆ ದಿನವೇ ಬಸ್ಸು ಹತ್ತಿ ಒಂದು ಸೇರು ಅಕ್ಕಿ ತಂದು ಗಂಜಿ ಮಾಡಿದ್ದರೆ ಅವನು ಕುಡಿಯುತ್ತಿದ್ದನೋ, ಉಗುಳುತ್ತಿದ್ದನೋ! ಆ ಯೋಚನೆ ಅವಳನ್ನು ಬಿಡಲಿಲ್ಲ.

ಹೆಣ ಜಗಲಿಯಲ್ಲಿತ್ತು. ನೆಂಟರು ನೆರೆದಿದ್ದರು. ಸಂಕಪ್ಪ, ಸುಂದರಿ ಮಳೆಯಲ್ಲಿ ನೆನೆದುಕೊಂಡು ಬಂದು ಬೇಲಿಯ ದಣಪೆಯ ಹೊರಗೇ ನಿಂತರು. ಒಳಗೆ ಬರಬಹುದೇ ಎಂದು ಅವರಿಗೆ ಗೊತ್ತಾಗಲಿಲ್ಲ. ಕುಶಲಾ ತಾನೇ ಎದ್ದುಹೋಗಿ ಕರೆದಳು. ಸಂಕಪ್ಪ ಹೆಣದ ಕಾಲಬದಿಯಲ್ಲಿ ನಿಂತು ಕೈಮುಗಿದ. ಆಮೇಲೆ ಮನೆಯ ಹಿಂದಿನ ಮಾವಿನಮರದ ಬುಡಕ್ಕೆ ಹೋಗಿ, ಅಲ್ಲಿದ್ದವರ ಕೈಯಿಂದ ಕೊಡಲಿ ತೆಗೆದುಕೊಂಡ. ಧನಿಗಳ ಮನೆಯಲ್ಲಿ ಸಾವಾದರೆ ಚಿತೆಗೆ ಮಾವಿನಮರಕ್ಕೆ ಮೊದಲ ಏಟು ಹಾಕುವವನು ಒಕ್ಕಲು. ಅದು ಹಿಂದಿನ ರೂಢಿ. ಈಗ ಅವನು ಒಕ್ಕಲಲ್ಲ.

“ಗದ್ದೆ ತೆಗೆದುಕೊಂಡವನೇ ಮರವನ್ನೂ ಕಡಿಯುದಾ?” ಎಂದು ನೆಂಟರಲ್ಲೊಬ್ಬರು ಕುಶಲಾಳಿಗೆ ಕೇಳುವಷ್ಟು ಜೋರಾಗಿಯೇ ಅಂದರು.

“ಕಡಿಯಲಿ,” ಎಂದಳು ಕುಶಲಾ. “ಸಣ್ಣದಿರುವಾಗ ಅಣ್ಣನೂ ಅವನೂ ಒಟ್ಟಿಗೆ ಹೊಳೆಯಲ್ಲಿ ಗಾಳ ಹಾಕಿದವರು.”

ಸಂಕಪ್ಪನ ಬೆನ್ನು ಅಲುಗುತ್ತಿತ್ತು. ಮಳೆಯಲ್ಲಿ ಅಳುತ್ತಿದ್ದಾನೋ ಏದುಸಿರೋ ಗೊತ್ತಾಗುವಂತಿರಲಿಲ್ಲ.

ವರ್ಷಾಂತಿಕ ಮುಗಿಯುವ ತನಕ ಕುಶಲಾ ಮನೆಯಲ್ಲಿ ಅಂಗಡಿಯ ಅಕ್ಕಿಯನ್ನೇ ಬೇಯಿಸಿದಳು. ಅದು ಕಳೆದ ಮೇಲೆ ಒಂದು ದಿನ ಸಂಕಪ್ಪ ತಾನಾಗಿಯೇ, ಯಾರೂ ಕೇಳದೆ, ಹೆಗಲ ಮೇಲೆ ಒಂದು ಮುಡಿ ಅಕ್ಕಿ ಹೊತ್ತುಕೊಂಡು ಕೊಟ್ಟಾರಕ್ಕೆ ಬಂದ. ಅಂಗಳ ದಾಟಿ ಜಗಲಿ ಹತ್ತಿ ಇಳಿಸಿದ. ಇಳಿಸಿ ಬೆಂಚಿನ ಮೇಲೆ ಕೂತ. ಕುಶಲಾ ಎದುರು ಕೂತಳು. ಅವನು ಕಟ್ಟದ ವಿಚಾರ ಹೇಳಿದ, ಅವಳು ಮಗಳಿಗೆ ಬಂದ ಸಂಬಂಧದ ವಿಚಾರ ಹೇಳಿದಳು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಕೂಳೂರಿನ ಆ ಮಾಡಿನಡಿ ಆರು ಒಲೆಗಳಿದ್ದವು. ಅರೆಯಲು ಕರೆಂಟಿನ ಯಂತ್ರ ಬಂದಿತ್ತು. ಸಂಕಪ್ಪ, ಪೌಲರ ಜತೆಗೆ ಇನ್ನೊಂದು ಮನೆಯೂ ಸೇರಿ ಹೊಳೆಬದಿಯ ಮೂರು ಮನೆಗಳ ಕೆಂಪು ಭತ್ತ ಭತ್ತವಾಗಿ ಎಲ್ಲಿಗೂ ಹೋಗದೆ, ರೊಟ್ಟಿಯಾಗಿಯೇ ಊರು ಬಿಡುತ್ತಿತ್ತು. ಅದರಿಂದಾಚೆಗಿನ ಗದ್ದೆಗಳು ಒಂದೊಂದಾಗಿ ಹೊಂಡವಾದವು. ಕೆಲವಕ್ಕೆ ಕೆಂಪು ಮಣ್ಣು ತುಂಬಿ ಸೈಟು ಮಾಡಿದರು. ಎಲ್ಲವನ್ನೂ ಉಳಿಸುವುದು ರೊಟ್ಟಿಯ ಕೈಯಲ್ಲಿ ಆಗಲಿಲ್ಲ. ಶಶಿಪ್ರಭಾ ಮದುವೆಯಾಗಿ ಕೊಡಿಯಾಲ್‌ಬೈಲಿನಲ್ಲಿ ಸಂಸಾರ ಹೂಡಿದಳು. ಚಿತ್ತರಂಜನ ಮಗಳ ಮದುವೆಗೆ ಬರಲಿಲ್ಲ.

ಹೊಗೆ ತಿಂದು ತಿಂದು ಕುಶಲಾಳ ಕಣ್ಣು ಮಂಜಾಗಿತ್ತು. ಆದರೂ ಬೆಳಗಿನ ಬಸ್ಸು ತಪ್ಪಿಸುತ್ತಿರಲಿಲ್ಲ. ಕಾವಲಿಯ ಮುಂದೆ ಕೂರುವುದನ್ನು ಬಿಟ್ಟು, ಅಟ್ಟದಿಂದ ಇಳಿದ ರೊಟ್ಟಿಯನ್ನು ಬೆರಳಿನಲ್ಲಿ ಮುಟ್ಟಿ ನೋಡಿ, ಸರಿಯಾದದ್ದನ್ನು ಬೇರೆ ಮಾಡುವ ಕೆಲಸ ಅವಳದ್ದು.

ಒಂದು ಸಂಜೆ ಹಿಂದಿರುಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸು, ಪೇಟೆಯ ಕಡೆಯವಳಿರಬೇಕು, ಮಾತಿಗೆ ಮಾತು ಬಂದು ಕೇಳಿದಳು: “ಕೂಳೂರಿನಲ್ಲಿ ನಿಮ್ಮದು ಎಂತ ಉಂಟು? ಗದ್ದೆಯಾ?”

ಕುಶಲಾ ಕಿಟಕಿಯ ಹೊರಗೆ ನೋಡಿದಳು. ಹೆದ್ದಾರಿಯ ಲಾರಿಗಳ ನಡುವೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ.

“ಕೆಲಸ ಉಂಟು,” ಎಂದಳು.

ಕೊಟ್ಟಾರ ಬಂತು. ಅವಳು ಸರಳು ಹಿಡಿದು ನಿಧಾನವಾಗಿ ಇಳಿದು, ಬಂಗುಡೆ ಮೀನು ಮಾರುವವಳು ಇನ್ನೂ ಕೂತಿದ್ದಾಳೆಯೇ ಎಂದು ನೋಡುತ್ತ ನಡೆದಳು.